ಗಂಟಲ ಮೇಲೆ ಎರಡು ಬೆರಳು

ಮಾಸ್ಟರಿಗೆ ಉಳಿದದ್ದು ಒಂದೇ ಮಾತು: ‘ಅದೇ’.

ನೀರು ಬೇಕಾ ಎಂದರೆ ಅದೇ. ಬೇಡವಾ ಎಂದರೂ ಅದೇ. ದಿಂಬು ಎತ್ತರವಾಯಿತಾ, ಕಿಟಕಿ ಮುಚ್ಚಲಾ, ಎಲ್ಲಿ ನೋವು, ಎಲ್ಲಕ್ಕೂ ಅದೇ. ಮೂರು ತಿಂಗಳ ಹಿಂದೆ ಚರ್ಚಿನ ಗಾಯನ ತಂಡಕ್ಕೆ ಅಭ್ಯಾಸ ಮಾಡಿಸುತ್ತಿದ್ದಾಗ ತಾಳಕ್ಕೆಂದು ಎತ್ತಿದ ಬಲಗೈ ಸೋತು ಕೆಳಗಿಳಿಯಿತು, ಅದರ ಹಿಂದೆಯೇ ಅವರೂ ಕುಸಿದರು. ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮೂವತ್ತು ವರ್ಷ ಇತರರ ಗಂಟಲು ತಿದ್ದಿದ ಮನುಷ್ಯ, ಒಂದು ಸ್ವರ ಕೂದಲೆಳೆಯಷ್ಟು ಇಳಿದರೂ ಹಲ್ಲುನೋವು ಬಂದವರ ಹಾಗೆ ಮುಖ ಹಿಂಡುತ್ತಿದ್ದ ಮನುಷ್ಯ, ಈಗ ಮುಂದಿನ ಕೋಣೆಯ ಮಂಚದಲ್ಲಿ ಮಲಗಿ ಚಾವಣಿ ನೋಡುತ್ತಿದ್ದರು.

ಮುಂದಿನ ಕೋಣೆ ಎಂದರೆ ಅವರ ಹೆಂಡತಿಯ ಅಂಗಡಿ. ಊರಿಗೆಲ್ಲ ಅವಳು ಟೈಲರಮ್ಮ. ಮಹಡಿ ಹತ್ತಿಸುವಂತಿಲ್ಲವೆಂದು ಮಂಚವನ್ನೇ ಕೆಳಗಿಳಿಸಿ, ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ಒತ್ತಿ, ಹೊಲಿಗೆ ಮೆಷಿನ್ನನ್ನು ಕಿಟಕಿಗೆ ಸರಿಸಿದ್ದಳು. ಗಿರಾಕಿಗಳು ಅಳತೆ ಕೊಡಲು ಬಂದರೆ ನಡುವೆ ಒಂದು ಪರದೆ. ಪರದೆಯ ಈಚೆ ಅವಳು ‘ತೋಳು ಸ್ವಲ್ಪ ಎತ್ತಿ’ ಎಂದರೆ ಆಚೆಯಿಂದ ‘ಅದೇ’ ಎಂದು ಕೇಳುತ್ತಿತ್ತು. ಒಬ್ಬಳು ಗಿರಾಕಿ ನಕ್ಕುಬಿಟ್ಟು, ಆಮೇಲೆ ನಾಚಿ ಕಣ್ಣೀರು ಹಾಕಿದಳು.

ವಾರಕ್ಕೆರಡು ದಿನ ಆಸ್ಪತ್ರೆಯಿಂದ ಮಾತು ಕಲಿಸುವವಳು ಬರುತ್ತಿದ್ದಳು. ಚಿಕ್ಕ ವಯಸ್ಸಿನವಳು, ಚುರುಕು ಕೈ, ಹೇಳಬೇಕಾದ್ದನ್ನು ಸುತ್ತಿಬಳಸದೆ ಹೇಳುವವಳು.

“ಮಾಸ್ಟರು ಹಾಡೋರಲ್ವಾ? ಹಾಗಾದ್ರೆ ಅವರ ಹತ್ರ ಹಾಡಿ. ಮಾತು ಹೋದವರಿಗೂ ಎಷ್ಟೋ ಸಲ ಹಾಡು ಉಳಿದಿರುತ್ತೆ. ಮೆದುಳಲ್ಲಿ ಅದರ ಮನೆಯೇ ಬೇರೆ. ಗೊತ್ತಿರೋ ಕೀರ್ತನೆ ಶುರು ಮಾಡಿ, ಅರ್ಧಕ್ಕೆ ನಿಲ್ಲಿಸಿ, ಮುಂದುವರಿಸ್ತಾರಾ ನೋಡಿ.”

“ರೆಕಾರ್ಡ್ ಹಾಕಿದ್ರೆ ಆಗಲ್ವಾ?”

“ಹಾಕಿದ್ವಲ್ಲ, ನಿದ್ದೆ ಹೋದ್ರು. ಮನುಷ್ಯರೇ ಬೇಕು. ದಿನಾ ಜೊತೆಗಿರೋರು. ನೀವು.”

“ನಂಗೆ ಹಾಡೋಕೆ ಬರಲ್ಲ,” ಎಂದಳು ಟೈಲರಮ್ಮ.

“ಯಾರಿಗೆ ಬರುತ್ತೆ ಹೇಳಿ. ಸುಮ್ನೆ ಹಾಡಿ.” ಹೊರಡುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದಳು. “ಮೊದಲ ಆರು ತಿಂಗಳು ತುಂಬ ಮುಖ್ಯ. ಮೂರು ಆಗೋಯ್ತು. ಆಮೇಲೆ ಬರೋದೇ ಇಲ್ಲ ಅಂತಲ್ಲ. ಆದ್ರೆ ಕಷ್ಟ.”

ಟೈಲರಮ್ಮ ತಲೆಯಾಡಿಸಿದಳು. ಆದರೆ ಹಾಡಲಿಲ್ಲ. ಆ ವಾರವೂ ಹಾಡಲಿಲ್ಲ, ಮುಂದಿನ ವಾರವೂ ಹಾಡಲಿಲ್ಲ. ಹಾಡಿದ್ರಾ ಎಂದು ಕೇಳಿದಾಗ “ಹೂಂ, ಹಾಡಿದೆ, ಏನೂ ಆಗ್ಲಿಲ್ಲ” ಎಂದು ಹಸಿ ಸುಳ್ಳು ಹೇಳಿದಳು. ಆರಾಧನೆ ತಪ್ಪಿಸದ ಹೆಂಗಸು, ಸುಳ್ಳು ಹೇಳಿ ನಾಲಿಗೆ ಕಚ್ಚಿಕೊಂಡಳು. ಆದರೂ ಬಾಯಿ ತೆರೆಯಲಿಲ್ಲ.

ಕಾರಣ ಇಪ್ಪತ್ತೆರಡು ವರ್ಷ ಹಳೆಯದು. ಮದುವೆಯಾದ ಹೊಸತು. ತವರಿನಲ್ಲಿ ಪಾತ್ರೆ ತೊಳೆಯುತ್ತ, ಗುಂಡಿ ಹಚ್ಚುತ್ತ ಬಾಯ್ತುಂಬ ಕೀರ್ತನೆ ಹಾಡಿಕೊಂಡು ಬೆಳೆದವಳು, ಗಂಡ ಗಾಯನ ತಂಡದ ಮಾಸ್ಟರು ಎಂಬ ಹೆಮ್ಮೆಯಿಂದ ತಾನೂ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಮಾಸ್ಟರದ್ದು ಒಂದು ಪದ್ಧತಿಯಿತ್ತು. ತಂಡ ಹಾಡುತ್ತಿರುವಾಗ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಗಂಟಲ ಮೇಲೂ ಎರಡು ಬೆರಳಿಡುತ್ತಿದ್ದರು. ದನಿ ಎದೆಯಿಂದ ಬರುತ್ತಿದೆಯೇ, ಬರೀ ತುಟಿಯಿಂದಲೇ ಎಂದು ಬೆರಳಿಗೆ ತಿಳಿಯುತ್ತದಂತೆ. ಮೈಗಳ್ಳರನ್ನು ಹಿಡಿಯುವ ಉಪಾಯ ಅದು. ಅವಳ ಬಳಿ ಬಂದಾಗ ಅವಳು ಮೈಮರೆತು ಹಾಡುತ್ತಿದ್ದಳು:

ಬೆಳಗಿನ ಬಾಗಿಲ ತೆರೆವ ಕರ್ತನೆ,
ನನ್ನ ಬಾಯನೂ ತೆರೆ.

ಆ ಕೊನೆಯ ‘ತೆರೆ’ಯಲ್ಲಿ ರಾಗ ಒಂದು ಮೆಟ್ಟಿಲು ಮೇಲೇರುತ್ತದೆ. ಅವಳು ಏರಲಿಲ್ಲ, ಅರ್ಧಕ್ಕೇ ನಿಂತಳು. ಮಾಸ್ಟರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ, ಅವಳೊಬ್ಬಳಿಂದಲೇ ಮೂರು ಸಲ ಹಾಡಿಸಿದರು. ಮೂರು ಸಲವೂ ಅರ್ಧಕ್ಕೇ ನಿಂತಿತು. “ನೀನು ಬಾಯಿ ಆಡಿಸು, ಸಾಕು. ದನಿ ಬೇಡ,” ಎಂದರು. ತಂಡವೆಲ್ಲ ಘೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಮೇಲಿನ ಸ್ವರ ಹಾಡುತ್ತಿದ್ದ ನಾದಿನಿ, ಮಾಸ್ಟರ ತಂಗಿ, ನಗುವಿನಲ್ಲೂ ಮೇಲಿನ ಸ್ವರದಲ್ಲೇ ಇದ್ದಳು.

ಬಾಯಿ ತೆರೆಸು ಎಂದು ದೇವರನ್ನು ಕೇಳುವ ಸಾಲಿನ ಮೇಲೇ ಹೆಂಡತಿಯ ಬಾಯಿ ಮುಚ್ಚಿಸಿದ ಮಹಾನುಭಾವ ಊಟದ ಹೊತ್ತಿಗೆ ಅದನ್ನು ಮರೆತಿದ್ದರು. ಅವಳು ಮರೆಯಲಿಲ್ಲ. ತಂಡ ಬಿಟ್ಟಳು. ತಂಡದವರಿಗೆ ಬಿಳಿ ನಿಲುವಂಗಿ ಹೊಲಿದುಕೊಡುವವಳಾದಳು. ಭಾನುವಾರ ಬೆಂಚಿನಲ್ಲಿ ನಿಂತು ಪುಸ್ತಕ ಹಿಡಿದು, ಗಂಡ ಹೇಳಿದ ಹಾಗೆಯೇ, ಇಪ್ಪತ್ತೆರಡು ವರ್ಷ ಬರೀ ತುಟಿ ಆಡಿಸಿದಳು. ದೇವರ ಮುಂದೆಯೂ ಅಷ್ಟೇ. ಹಾಡಬೇಕೆನಿಸಿದರೆ ಮೆಷಿನ್ ತುಳಿಯುವಾಗ ಅದರ ಗಡಗಡ ಸದ್ದಿನ ಅಡಿಯಲ್ಲಿ ಹಾಡುತ್ತಿದ್ದಳು. ಮೆಷಿನ್ ನಿಂತರೆ ಅವಳೂ ನಿಲ್ಲಬೇಕು. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಮಾಸ್ಟರ ಕಿವಿಗೂ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿಯಿತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೊದಲ ವಾರ, ಮಾಸ್ಟರು ಏನೋ ಹೇಳಲು ಒದ್ದಾಡಿ, ಬರೀ ‘ಅದೇ’ ಬಂದು, ನಾಚಿ ಮುಖ ತಿರುಗಿಸಿದಾಗ ಅವಳ ಮನಸ್ಸಿನ ಮೂಲೆಯೊಂದರಲ್ಲಿ ತಣ್ಣಗಾಯಿತು. ಈಗ ಗೊತ್ತಾಯಿತಾ, ಎಂದಿತು ಆ ಮೂಲೆ. ಒಡನೆಯೇ ಅವಳಿಗೆ ತನ್ನ ಮೇಲೆ ಎಂಥ ಅಸಹ್ಯ ಬಂತೆಂದರೆ ಹಿತ್ತಲಿಗೆ ಹೋಗಿ ಗೋಡೆ ಹಿಡಿದು ನಿಂತಳು. ಗಂಡನ ಮೇಲೆ ಪ್ರೀತಿಯಿಲ್ಲದವಳಲ್ಲ. ಬಾಯಿಗೆ ಗಂಜಿ ಹಾಕುವ ಮೊದಲು ಚಮಚವನ್ನು ತನ್ನ ತುಟಿಗೆ ತಾಗಿಸಿ ಬಿಸಿ ನೋಡುತ್ತಿದ್ದಳು, ಅವರ ಉಸಿರು ಸ್ವಲ್ಪ ತಪ್ಪಿದರೂ ನಿದ್ದೆಯಿಂದ ಎದ್ದು ಕೂರುತ್ತಿದ್ದಳು. ಆದರೂ ಆ ಮೂಲೆ ಇತ್ತು. ಅಂಥ ಮೂಲೆ ಇಟ್ಟುಕೊಂಡು ಯಾವ ಬಾಯಿಂದ ಕೀರ್ತನೆ ಹಾಡುವುದು?

ನಾದಿನಿ ಸುಮ್ಮನಿರುವವಳಲ್ಲ. ಒಂದು ಸಂಜೆ ಇಡೀ ತಂಡವನ್ನು ಕರೆತಂದಳು. ಹದಿನಾರು ಜನ ಅಂಗಡಿಯಲ್ಲಿ ಮೈಗೆ ಮೈ ತಾಗಿಸಿ ನಿಂತು ನಾಲ್ಕು ದನಿಯಲ್ಲಿ ಹಾಡಿದರು. ಒಂದು ಸ್ವರವೂ ಅತ್ತಿತ್ತ ಆಗಲಿಲ್ಲ. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು. ಜೊತೆಗೆ ಬಂದಿದ್ದ ಪಾದ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಾಸ್ಟರು ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರು. ಹಾಡು ಮುಗಿದಾಗ ಅವರ ದಿಂಬು ಒದ್ದೆಯಾಗಿತ್ತು, ಬಾಯಿ ಬಿಗಿದಿತ್ತು.

“ಅತ್ತಿಗೆ, ನೀವು ದಿನಾ ಪ್ರಾರ್ಥನೆ ಮಾಡ್ತಿದ್ದೀರಿ ತಾನೇ?” ಎಂದಳು ನಾದಿನಿ ಹೊರಗೆ ಬಂದು. “ಆ ಹುಡುಗಿ ಹಾಡಿ ಅಂದ್ಲಂತೆ. ಹಾಡ್ತಿದ್ದೀರಾ?”

“ನನ್ ಹಾಡು ಹೆಂಗಿರುತ್ತೆ ಅಂತ ನಿನಗ್ ಗೊತ್ತಲ್ಲ,” ಎಂದಳು ಟೈಲರಮ್ಮ.

ನಾದಿನಿ ಒಂದು ಕ್ಷಣ ಅವಳ ಮುಖ ನೋಡಿದಳು. ಅವಳಿಗೂ ನೆನಪಿತ್ತು. ಚಪ್ಪಲಿ ಮೆಟ್ಟಿಕೊಂಡಳು.

ನಾಲ್ಕನೆಯ ತಿಂಗಳು ಮುಗಿಯುತ್ತ ಬಂದ ಒಂದು ಮಧ್ಯಾಹ್ನ. ಟೈಲರಮ್ಮ ಕಿಟಕಿಗಳಿಗೆ ಹಾಕುವ ಉದ್ದನೆಯ ಪರದೆಗಳಿಗೆ ಅಂಚು ಹೊಲಿಯುತ್ತಿದ್ದಳು. ನೇರ ಹೊಲಿಗೆ, ತಲೆ ಓಡಿಸುವ ಕೆಲಸವಲ್ಲ. ಕಾಲು ತುಳಿಯುತ್ತಿತ್ತು, ಕೈ ಬಟ್ಟೆ ಸರಿಸುತ್ತಿತ್ತು. ಬೆಳಿಗ್ಗೆಯಷ್ಟೇ ಮಾತು ಕಲಿಸುವವಳು ‘ಇನ್ನೆರಡೇ ತಿಂಗಳು’ ಎಂದು ಹೇಳಿ ಹೋಗಿದ್ದಳು. ಕರ್ತನೆ, ನಾನು ಕೆಟ್ಟವಳು, ನನ್ನನ್ನು ಬಿಟ್ಟು ಅವರನ್ನು ನೋಡು ಎಂದು ಮನಸ್ಸಿನಲ್ಲೇ ಬೇಡುತ್ತಿದ್ದವಳು ಯಾವಾಗ ಹಾಡತೊಡಗಿದಳೋ ಅವಳಿಗೇ ತಿಳಿಯಲಿಲ್ಲ. ಅದೇ ಕೀರ್ತನೆ. ಕೊನೆಯ ಸಾಲಿಗೆ ಬಂದಾಗ ಪಟ್ಟನೆ ದಾರ ಹರಿಯಿತು. ಅಭ್ಯಾಸಬಲದಿಂದ ಕಾಲು ನಿಂತಿತು. ಮೆಷಿನ್ ನಿಂತಿತು. ದನಿ ನಿಲ್ಲಲಿಲ್ಲ.

“...ನನ್ನ ಬಾಯನೂ ತೆರೆ.”

ಅರ್ಧಕ್ಕೇ ನಿಂತ ‘ತೆರೆ’ ಕೋಣೆಯ ನಡುವೆ ಬೆತ್ತಲೆ ನಿಂತಂತಾಯಿತು. ಅವಳ ಮೈ ಬಿಸಿಯಾಯಿತು.

“ಊಂಹೂಂ,” ಎಂದು ಕೇಳಿತು ನಡುವಿನ ಪರದೆಯಾಚೆಯಿಂದ.

ಅವಳು ಅಲುಗಾಡಲಿಲ್ಲ.

“ತೆ...ರೆ,” ಎಂದು ಹಾಡಿದರು ಮಾಸ್ಟರು. ದನಿ ಒಡೆದಿತ್ತು, ತುಟಿಯ ಒಂದು ಕಡೆಯಿಂದ ಗಾಳಿ ಸೋರುತ್ತಿತ್ತು. ಆದರೆ ಸ್ವರ ಮಾತ್ರ ಎಲ್ಲಿರಬೇಕೋ ಅಲ್ಲೇ ಇತ್ತು.

ಟೈಲರಮ್ಮ ಎದ್ದು ಪರದೆ ಸರಿಸಿದಳು. ಮಾಸ್ಟರು ಎಡಗೈ ಎತ್ತಿ, ಮತ್ತೆ ಎಂಬಂತೆ ಬೆರಳಾಡಿಸುತ್ತಿದ್ದರು. ಹುಬ್ಬು ಗಂಟಿಕ್ಕಿತ್ತು. ಅವಳು ಹಾಡಿದಳು. ಬೇಕೆಂದು ತಪ್ಪಿದ್ದಲ್ಲ, ಅವಳಿಗೆ ಬರುವುದೇ ಅಷ್ಟು. “ಊಂಹೂಂ. ತೆ...ರೆ.” ಮತ್ತೆ ಹಾಡಿದಳು. “ಊಂಹೂಂ. ಬಾಯನೂ... ತೆ...ರೆ.” ನಾಲ್ಕನೆಯ ಸಲಕ್ಕೆ ಅವರು ಮಂಚದ ಅಂಚಿಗೆ ಕೈ ಬಡಿದರು, ಹಿಂದೆ ತಂಡದವರ ಮುಂದೆ ಬಡಿಯುತ್ತಿದ್ದ ಹಾಗೆಯೇ.

ಸಂತೋಷಪಡಬೇಕಿತ್ತು. ಟೈಲರಮ್ಮನಿಗೆ ಕೆಂಡದಂಥ ಸಿಟ್ಟು ಬಂತು.

“ನಾಲ್ಕು ತಿಂಗಳು ಬಾಯಿ ಬಿಡ್ಲಿಲ್ಲ ನೀವು. ಉಚ್ಚೆ ಬಂತು ಅಂತ ಹೇಳೋಕೆ ಬರ್ಲಿಲ್ಲ. ನನ್ ತಪ್ಪು ತೋರಿಸೋಕೆ ಬಂತಲ್ಲ,” ಎಂದಳು. ಮೇಲುಸಿರು ಬರುತ್ತಿತ್ತು. “ಅವತ್ತು ಎಲ್ರ ಎದುರಿಗೆ ದನಿ ಬೇಡ ಅಂದ್ರಿ. ನೆನಪಿದ್ಯಾ? ಇಪ್ಪತ್ತೆರಡು ವರ್ಷ ಆಯ್ತು ರೀ. ದೇವರ ಹತ್ರಾನೂ ಬಾಯಿ ಬಿಟ್ಟು ಹಾಡ್ಲಿಲ್ಲ ನಾನು. ನಿಮಗ್ ಮಾತು ಹೋದಾಗ ಒಳಗೊಳಗೆ ಸರಿಯಾಯ್ತು ಅಂದ್ಕೊಂಡೆ. ಅಂಥವಳು ನಾನು. ನಿಮ್ಮಿಂದ ಆದವಳು.”

ಮಾಸ್ಟರು ಅವಳನ್ನೇ ನೋಡುತ್ತಿದ್ದರು. ಎಷ್ಟು ಅರ್ಥವಾಯಿತೋ ಅವಳಿಗೆ ತಿಳಿಯಲಿಲ್ಲ. ಬಾಯಿ ತೆರೆದು, ಮುಚ್ಚಿ, ಕುತ್ತಿಗೆಯ ನರ ಉಬ್ಬುವಷ್ಟು ಒದ್ದಾಡಿದರು. ಕೊನೆಗೆ ಬಂದದ್ದು “ಅದೇ, ಅದೇ” ಅಷ್ಟೇ. ಅವಳು ಸೆರಗಿನಿಂದ ಅವರ ಬಾಯಂಚು ಒರೆಸಿ, ಹರಿದ ದಾರ ಪೋಣಿಸಲು ಹೋದಳು. ಕಣ್ಣು ಮಂಜಾಗಿ ಸೂಜಿಯ ಕಣ್ಣು ಕಾಣಲಿಲ್ಲ.

ಮಾತು ಕಲಿಸುವವಳು ಕೇಳಿ ಕುಣಿಯುವುದೊಂದು ಬಾಕಿ. ದಿನಕ್ಕೆ ಎರಡು ಹೊತ್ತು ಹಾಡಿ ಎಂದಳು. ವಾರಗಳು ಕಳೆದಂತೆ ಮಾಸ್ಟರ ಬಾಯಲ್ಲಿ ಒಂದು ಸಾಲು, ಎರಡು ಸಾಲು, ಒಂದು ಪೂರ್ತಿ ಚರಣ ಬಂತು. ಸುದ್ದಿ ಕೇಳಿ ನಾದಿನಿ ಓಡಿಬಂದಳು. ಸರಿಯಾಗಿ ಹಾಡುವವರು ಹಾಡಿದರೆ ಇನ್ನೂ ಬೇಗ ವಾಸಿಯಾಗುತ್ತದೆಂದು ಮಂಚದ ಪಕ್ಕ ಕುಳಿತು ಶುದ್ಧವಾಗಿ ಹಾಡಿದಳು. ಮಾಸ್ಟರು ಕಣ್ಣು ಮುಚ್ಚಿ ತಲೆದೂಗಿದರು, ಅಷ್ಟೇ. ಟೈಲರಮ್ಮ ಒಂದು ಸಾಲು ಹಾಡಿದ್ದೇ ತಡ, ದಡಕ್ಕನೆ ಕಣ್ಣು ಬಿಟ್ಟು ತಿದ್ದತೊಡಗಿದರು. ಸರಿ ಇದ್ದದ್ದರಲ್ಲಿ ಅವರಿಗೆ ಮಾಡಲು ಕೆಲಸವಿರಲಿಲ್ಲ. ನಾದಿನಿಯ ಮುಖ ಸಪ್ಪಗಾಯಿತು. ಟೈಲರಮ್ಮನಿಗೂ ಗೆದ್ದೆನೆಂದು ಅನಿಸಲಿಲ್ಲ. ಗಂಡನಿಗೆ ತಾನು ಬೇಕಾದದ್ದು ತಪ್ಪು ಮಾಡಲಿಕ್ಕೆ ಮಾತ್ರವೇ ಎಂಬ ಪ್ರಶ್ನೆ ಕೊರೆಯುತ್ತಿತ್ತು. ಹಾಡುವಾಗ ಅವರಿಗೆ ಅರ್ಥ ತಿಳಿಯುತ್ತದಾ ಎಂದು ಕೇಳಿದರೆ ಮಾತು ಕಲಿಸುವವಳು “ಹೇಳೋಕಾಗಲ್ಲ ಅಮ್ಮ” ಎಂದಿದ್ದಳು. ಹಾಡಿನ ಹೊರಗೆ ಇನ್ನೂ ‘ಅದೇ’ ಒಂದೇ ಇತ್ತು.

ಆರನೆಯ ತಿಂಗಳ ಒಂದು ಭಾನುವಾರ ಗಾಲಿಕುರ್ಚಿಯಲ್ಲಿ ಮಾಸ್ಟರನ್ನು ಚರ್ಚಿಗೆ ಕರೆದೊಯ್ದಳು. ಕೊನೆಯ ಬೆಂಚಿನ ಪಕ್ಕ ಕುರ್ಚಿ ನಿಲ್ಲಿಸಿ ತಾನು ಬೆಂಚಿನ ತುದಿಯಲ್ಲಿ ಕುಳಿತಳು. ಮುಂದೆ ಅವಳೇ ಹೊಲಿದ ಬಿಳಿ ನಿಲುವಂಗಿಗಳ ಸಾಲು. ಮಾಸ್ಟರು ನಿಲ್ಲುತ್ತಿದ್ದ ಜಾಗದಲ್ಲಿ ನಾದಿನಿ ನಿಂತಿದ್ದಳು. ಪಾದ್ರಿಗಳು ಕೀರ್ತನೆಯ ಸಂಖ್ಯೆ ಹೇಳಿದರು. ಅದೇ ಕೀರ್ತನೆ; ನಾದಿನಿ ಬೇಕೆಂದೇ ಆರಿಸಿದ್ದಳು.

ಎಲ್ಲರೂ ಎದ್ದರು. ಹಾಡು ಶುರುವಾಯಿತು. ಮಾಸ್ಟರು ಹಾಡತೊಡಗಿದರು. ಮುಂದಿನ ಬೆಂಚಿನವರು ತಿರುಗಿ ನೋಡಿದರು, ಒಬ್ಬಾಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಟೈಲರಮ್ಮ ಪುಸ್ತಕ ಹಿಡಿದು ಅವರ ಪಕ್ಕಕ್ಕೆ ಬಾಗಿ, ಹಳೆಯ ಅಭ್ಯಾಸದಂತೆ ಬರೀ ತುಟಿ ಆಡಿಸುತ್ತಿದ್ದಳು.

ಮಾಸ್ಟರು ಅವಳ ತುಟಿ ನೋಡಿದರು. ಹಾಡು ನಿಲ್ಲಿಸಿದರು.

ಎಡಗೈ ನಿಧಾನವಾಗಿ ಮೇಲೆದ್ದಿತು. ಎರಡು ಬೆರಳು ಅವಳ ಗಂಟಲ ಮೇಲೆ ಬಂದು ನಿಂತವು. ಅಲ್ಲಿ ದನಿಯ ಕಂಪನವೇ ಇರಲಿಲ್ಲ. ಬೆರಳು ಕಾದವು. ಮೊದಲ ಚರಣ ಮುಗಿಯಿತು, ಎರಡನೆಯದು ಶುರುವಾಯಿತು. ಮಾಸ್ಟರು ಬಾಯಿ ತೆರೆಯಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇಷ್ಟು ವರ್ಷ ಈ ಗಂಟಲು ಹೀಗೇ ಇತ್ತೇ ಎಂದು ಈಗಷ್ಟೇ ಬೆರಳಿಂದ ತಿಳಿದವರ ಹಾಗೆ ನೋಡುತ್ತಿದ್ದರು.

ಸುತ್ತ ಅಂದು ನಕ್ಕವರೆಲ್ಲ ಇದ್ದರು, ವಯಸ್ಸಾಗಿತ್ತು ಅಷ್ಟೇ. ಟೈಲರಮ್ಮ ಪುಸ್ತಕ ಮುಚ್ಚಿದಳು. ಕರ್ತನೆ, ಎಂದುಕೊಂಡಳು, ಇನ್ನು ನಿನ್ನ ಕಿವಿ, ನಿನ್ನ ಹಣೆಬರಹ. ಬಾಯಿ ತೆರೆದಳು. ದನಿ ಬಂತು, ಗಟ್ಟಿಯಾಗಿಯೇ ಬಂತು. ಬೆರಳುಗಳು ಅದನ್ನು ಹಿಡಿದವು. ಮಾಸ್ಟರು ಮತ್ತೆ ಹಾಡತೊಡಗಿದರು. ಆ ಚರಣದ ಕೊನೆಗೂ ಅದೇ ಸಾಲು ಬಂತು. ನನ್ನ ಬಾಯನೂ ತೆರೆ. ರಾಗ ಮೇಲೇರಿತು, ಇಡೀ ಚರ್ಚು ಮೇಲೇರಿತು, ಅವಳು ಅರ್ಧಕ್ಕೇ ನಿಂತಳು.

ಮಾಸ್ಟರು ಮುಖ ಹಿಂಡಿದರು. ‘ಊಂಹೂಂ’ಗಾಗಿ ಅವಳು ಕಾದಳು. ಅದು ಬರಲಿಲ್ಲ. ಅವರು ಮೇಲಿನ ಸ್ವರದಿಂದ ಕೆಳಗಿಳಿದು, ಅವಳು ನಿಂತಲ್ಲಿಗೇ ಬಂದು, ಅವಳ ತಪ್ಪು ಸ್ವರದಲ್ಲೇ ‘ತೆರೆ’ ಎಂದು ಹಾಡಿ ಅಲ್ಲೇ ನಿಂತರು. ಮಾಸ್ಟರಿಗೆ ಸ್ವರ ತಿಳಿಯದೆ ತಪ್ಪುವುದಿಲ್ಲ. ಅದು ಈ ಲೋಕದಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು.

ಮುಂದೆ ನಿಂತಿದ್ದ ನಾದಿನಿ ಕೈ ಎತ್ತಿಕೊಂಡೇ ತಿರುಗಿ ನೋಡಿದಳು. ಕೊನೆಯ ಬೆಂಚಿನ ಪಕ್ಕದಲ್ಲಿ ಇಬ್ಬರು ಒಟ್ಟಿಗೆ ತಪ್ಪು ಹಾಡುತ್ತಿದ್ದರು.