ನಾಲ್ಕು ಚುಕ್ಕಿಯ ಡೋಲಿ

೧೯೮೬ರ ಬೇಸಿಗೆ. ರಂಜಾನ್ ತಿಂಗಳಿಗೆ ಇನ್ನು ಹತ್ತು ದಿನ ಉಳಿದಿತ್ತು. ದೇವದುರ್ಗದ ಅಮೀರ್ ಸಾಬನ ಅಂಗಳದಲ್ಲಿ ಮಾನ್ವಿಯ ನೂರ್ ಬೀ ಚಾಪೆಯ ಮೇಲೆ ಕೂತಿದ್ದಳು. ಅಮೀರ್ ಸಾಬನ ಮಗಳು ಸರ್ವರಿಯನ್ನು ತನ್ನ ಮಗ ಖಾಜಾಮಿಯಾನಿಗೆ ಕೇಳಲು ಬಂದಿದ್ದಳು.

"ಉಪಾಸ ಹಿಡಿಯೋದ್ರಾಗ ನಿಕಾ ಆಗ್ಬೇಕ್ರಿ ಭಾಯಿ. ನಸುಕಿನ ಸಹರಿ ಊಟಕ್ಕ ಎದ್ದು ಒಲಿ ಹಚ್ಚಾಕ ನನ್ನ ಮೊಣಕಾಲು ಒಲ್ಲೆ ಅಂತಾವ. ಮಗಾ ಅಂತೂ ಒಲಿ ಯಾವ ಕಡಿ ಅದ ಅಂತ ತಿಳೀದಾಂವ. ಹುಡುಗಿ ಬಾಯಿಬಿಟ್ಟು ಒಂದು ಮಾತು ಹೇಳ್ಲಿ, ಸಾಕು."

ಆ ಒಂದು ಮಾತಿಗೆ ಹೆದರಿಯೇ ಸರ್ವರಿ ಏಣಿ ಹತ್ತಿ ಮಾಳಿಗೆಗೆ ಹೋಗಿಬಿಟ್ಟಿದ್ದಳು. ಖಾಜಾಮಿಯಾನನ್ನು ಅವಳು ಒಮ್ಮೆ ಮಲ್ಲಟದ ಮದುವೆಯಲ್ಲಿ ನೋಡಿದ್ದಳು. ಮುದುಕರ ಕೈಗೆ ನೀರು ಹಾಕುತ್ತಾ, ಅವರ ಮಾತಿಗೆಲ್ಲ ನಗುತ್ತಿದ್ದ. ಬೇಡ ಅನ್ನುವಂಥದ್ದೇನೂ ಅವನಲ್ಲಿ ಕಂಡಿರಲಿಲ್ಲ. ಅವಳ ಕಾಲು ಕಟ್ಟಿದ್ದು ದಾದಿ, ಅಂದರೆ ಅಜ್ಜಿ. ತಾಯಿಯಿಲ್ಲದ ಅವಳನ್ನು ಸಾಕಿದ ಅಪ್ಪನ ತಾಯಿ ರಂಜಾನಬಿ ಚಳಿಗಾಲದಿಂದ ಹೊರಸು ಬಿಟ್ಟು ಎದ್ದಿರಲಿಲ್ಲ. ಒಂದು ದಿನ ಮೊಮ್ಮಗಳ ಕೈ ಹಿಡಿದು, "ನನ್ನ ಡೋಲಿ ಎದ್ದ ಮ್ಯಾಲ ನೀ ಎಲ್ಲಿಗಾದ್ರೂ ಹೋಗು. ಅಲ್ಲಿತನಕ ಇರು" ಎಂದಿದ್ದಳು. ಇರುತ್ತೇನೆಂದು ಸರ್ವರಿ ಮಾತು ಕೊಟ್ಟಿದ್ದಳು.

ಡೋಲಿ ಅಂದರೆ ದಾದಿಗೆ ಒಂದೇ ಅರ್ಥ, ಹೆಣ ಹೊರುವ ಡೋಲಿ. ಅವಳ ಗಂಡ ರಾಯಚೂರಿನ ದವಾಖಾನೆಯಲ್ಲಿ ತೀರಿಕೊಂಡಾಗ, ಸುದ್ದಿ ಮುಟ್ಟಿ, ಗಬ್ಬೂರಿನ ಮೇಲಿಂದ ಬಸ್ಸು ಹಿಡಿದು ಅವಳು ಹೋಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಾಲ್ಕು ಜನ ಹೆಗಲು ಕೊಟ್ಟಿದ್ದನ್ನು ಅವಳು ಕಾಣಲಿಲ್ಲ. ಆಮೇಲೆ ಪ್ರತಿ ಬೇಸಿಗೆ ಮಾಳಿಗೆಯ ಮೇಲೆ ಕೂತು, ದಕ್ಷಿಣದ ಅಂಚಿನಲ್ಲಿ ಏಳುವ ನಾಲ್ಕು ಚುಕ್ಕಿಗಳಲ್ಲಿ ಅದನ್ನು ಕಂಡಳು. ಒಂದು ಚುಕ್ಕಿ ಕೆಂಪು, ಎರಡು ಬಿಳಿ, ನಾಲ್ಕನೆಯದು ಮಸುಕು. "ಅಂವ ಕುಳ್ಳ, ಅವನ ಹೆಗಲಿಗೆ ಭಾರ ತಾಕಂಗಿಲ್ಲ" ಎನ್ನುತ್ತಿದ್ದಳು. ತಾಸು ಕಳೆದ ಮೇಲೆ ಹಿಂದಿನಿಂದ ಎರಡು ದೊಡ್ಡ ಚುಕ್ಕಿ ಒಂದರ ಬೆನ್ನಿಗೆ ಒಂದು ಬರುತ್ತಿದ್ದವು. "ಅವರು ಹೆಂಗಸರು. ಇಲ್ಲಿ ಕಬರಸ್ತಾನಕ್ಕ ನಮ್ಮನ್ನ ಬಿಡಾಂಗಿಲ್ಲ. ಅಲ್ಲಿ ಯಾರು ತಡೀತಾರ?"

ಶಾಲೆಯಲ್ಲಿ ಮಾಸ್ತರರು ಅದೇ ನಾಲ್ಕು ಚುಕ್ಕಿಗೆ ತ್ರಿಶಂಕು ಎಂದಿದ್ದರು. ಸರ್ವರಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಳು; ಅವಳಿಗೆ ದಾದಿಯ ಹೆಸರೇ ಉಳಿಯಿತು.

"ಸರ್ವರೀ, ಎದ್ದದೇನ?" ಕೆಳಗಿನಿಂದ ದಾದಿಯ ದನಿ ಬಂತು. ಏಣಿ ಹತ್ತಲಾಗದ ಮೇಲೆ ದಿನಾ ಕೇಳುವ ಮಾತು ಅದು.

ಸರ್ವರಿ ಬೇವಿನ ಮರದ ಆಚೆ ನೋಡಿದಳು. ನಾಲ್ಕೂ ಇದ್ದವು, ಎಡಕ್ಕೆ ವಾಲಿಕೊಂಡು.

"ಎದ್ದದ ದಾದಿ. ಡೋಲಿ ಎದ್ದದ."

ಕೆಳಗೆ ನೂರ್ ಬೀ ನಕ್ಕಳು. "ಕೇಳಿದ್ರೇನ್ರಿ ಭಾಯಿ? ಒಂದು ಮಾತು ಕೇಳಿದ್ರ ನಿಮ್ಮ ಹುಡುಗಿ ಡೋಲಿನ ಎಬ್ಬಿಸಿಬಿಟ್ಟಳು. ಸಕ್ರಿ ತರ್ರಿ."

ಮದುಮಗಳನ್ನು ಕಳಿಸುವುದಕ್ಕೂ ಅವರಲ್ಲಿ ಡೋಲಿ ಎಂದೇ ಹೆಸರು. ಅಮೀರ್ ಸಾಬ್ ಖುಷಿಯಿಂದ ಸಕ್ಕರೆಯ ತಟ್ಟೆ ತಂದ. ಕೆಳಗಿಳಿದ ಸರ್ವರಿಯ ಬಾಯಿಯ ಹತ್ತಿರ ನೂರ್ ಬೀಯ ಬೆರಳು ಬಂದಾಗಲೇ ಏನಾಗಿದೆಯೆಂದು ಅವಳಿಗೆ ಹೊಳೆಯಿತು. ಸುಮ್ಮನಿದ್ದರೆ ಇನ್ನು ಹತ್ತು ದಿನದೊಳಗೆ ಮಾನ್ವಿ. ಬಾಯಿ ತೆರೆದು ಸಕ್ಕರೆಯ ಮುಂದೆ ಹೆಣದ ಮಾತಾಡಿದರೆ ಈ ಸಂಬಂಧವೇ ಇಲ್ಲ. ಅವಳು ದಾದಿಯನ್ನು ನೋಡಿದಳು. ದಾದಿಗೆ ಎಲ್ಲ ತಿಳಿದಿತ್ತು. ಆದರೂ ಹೊರಸಿನ ಮೇಲೆ ಗೋಡೆಯ ಕಡೆ ಮಗ್ಗುಲಾದಳು.

ಕೊಟ್ಟ ಮಾತಿನಿಂದ ದಾದಿ ಹಾಗೆ ತನ್ನನ್ನು ಬಿಡಿಸಿಬಿಟ್ಟದ್ದನ್ನು ಸರ್ವರಿ ತಾಳಿಕೊಳ್ಳಲಾರದೆ ಹೋದಳು.

"ಖಾಲಾ, ಅದು ಮದುವಿ ಡೋಲಿ ಅಲ್ರಿ" ಎಂದಳು. "ಮಣ್ಣಿಗೆ ಹೋಗೋ ಡೋಲಿ. ಮ್ಯಾಲ ನಾಕು ಚುಕ್ಕಿ ಅದಾವ, ದಾದಿ ಅವಕ್ಕ ಹಂಗ ಕರೀತಾಳ. ದಾದಿ ಇರೋತನಕ ನಾ ಎಲ್ಲಿಗೂ ಬರಾಂಗಿಲ್ರಿ."

ನೂರ್ ಬೀ ಕೈ ಹಿಂದಕ್ಕೆ ತೆಗೆದು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಸಕ್ರಿ ಹಿಡಿದ ಕೈಗೆ ಇಂಥ ಮಾತೇನವ್ವಾ?"

"ಒಂದು ಮಾತಾಡಾಕ ಹದಿನೇಳು ವರ್ಷ ತಗೊಂಡಿ" ಎಂದ ಅಮೀರ್ ಸಾಬ್. "ಆಡಿದ್ದು ಇದೇನು?"

ಮರುದಿನ ಮುಂಜಾನೆ ಅವನು ನೂರ್ ಬೀಯನ್ನು ಬಸ್ಸಿಗೆ ಹತ್ತಿಸಿ ಬಂದು, ಮಗಳ ಮುಖ ನೋಡದೆ ಕಟ್ಟೆಯ ಮೇಲೆ ಕೂತ.

"ಏನಂದಳಪ್ಪಾ?" ದಾದಿ ಕೇಳಿದಳು.

"ಈದ್ ಆಗ್ಲಿ, ನೋಡಾಣ ಅಂದಳು."

ಒಲ್ಲೆ ಎಂದು ಮುಖಕ್ಕೆ ಹೇಳಲಾಗದವರು ಹೇಳುವ ಮಾತು ಅದು. ಅಪ್ಪನ ತಗ್ಗಿದ ತಲೆ ನೋಡಿಯೇ ಸರ್ವರಿ ತಿಳಿದುಕೊಂಡಳು. ನಗುತ್ತಾ ನೀರು ಹಾಕುತ್ತಿದ್ದ ಆ ಕೈ ಒಮ್ಮೆ ಕಣ್ಣ ಮುಂದೆ ಬಂದು ಹೋಯಿತು.

ಆ ಮಾತನ್ನೇ ನಂಬಿದ ದಾದಿಗೆ ಮಾತ್ರ ಸಮಾಧಾನವಾಗಿತ್ತು. "ಚಲೋ ಆತು. ಈದ್ ತನಕ ನಾನೂ ಇರಾಂಗಿಲ್ಲ. ಆಮ್ಯಾಲ ನೀ ಸುಖವಾಗಿ ಹೋಗು."

"ಹೂಂ ದಾದಿ" ಎಂದು ಸರ್ವರಿ ಹಾಲಿನಲ್ಲಿ ನೆನೆಸಿದ ರೊಟ್ಟಿಯ ತುತ್ತನ್ನು ಅವಳ ಬಾಯಿಗಿಟ್ಟಳು.