ಬದುಕಿರೋ ನಕ್ಷತ್ರ

ಇಪ್ಪತ್ತಾರು ವರ್ಷ ತಾರಾಲಯದ ಕತ್ತಲಲ್ಲಿ ಕೂತು ಮಾತಾಡಿದವಳು ನಾನು. ದಿನಕ್ಕೆ ನಾಲ್ಕು ಷೋ. ಗುಮ್ಮಟದ ಮೇಲೆ ನಕ್ಷತ್ರ ಮೂಡುತ್ತೆ, ನಾನು ಮೈಕಲ್ಲಿ ಅದರ ಊರು ಕೇರಿ ಹೇಳ್ತೀನಿ. ನನಗೆ ಕೋಪ ಮೂಗಿನ ತುದೀಲೇ ಇದೆ ಅಂತ ಎಲ್ಲರಿಗೂ ಗೊತ್ತು. ಅದನ್ನ ಮುಚ್ಚಿಡೋಕೂ ನಾನು ಹೋಗಲ್ಲ.

ಹೊಸದಾಗಿ ಬಂದ ಡೈರೆಕ್ಟರು ಒಂದಿನ ಕರೆದು, "ಮೇಡಂ, ನಿಮ್ಮ ದನಿ ಬಂಗಾರ. ರೆಕಾರ್ಡ್ ಮಾಡಿಟ್ಕೊಳ್ಳೋಣ, ನಿಮಗೆ ನೆಗಡಿ ಬಂದ ದಿನಕ್ಕಾಗುತ್ತೆ" ಅಂದ್ರು. ಹೊಗಳಿಕೆ ಯಾರಿಗೆ ಬೇಡ? ಉಬ್ಬಿಹೋದೆ. ಸ್ಪಂಜು ಅಂಟಿಸಿದ ಪುಟ್ಟ ರೂಮಲ್ಲಿ ಕೂರಿಸಿ ಅವರೇ ಬರೆದ ಹಾಳೆ ಕೈಗಿತ್ರು. ಓದ್ತಾ ಓದ್ತಾ ಒಂದು ಸಾಲಿನ ಹತ್ರ ನಿಂತುಬಿಟ್ಟೆ: "ನೀವು ನೋಡುತ್ತಿರುವ ಈ ನಕ್ಷತ್ರ ಸತ್ತು ಎಷ್ಟೋ ಕಾಲವಾಯಿತು. ಉಳಿದಿರುವುದು ಅದರ ಬೆಳಕು ಮಾತ್ರ."

"ಇದು ತಪ್ಪು ಸರ್" ಅಂದೆ.

"ಈಗ ಓದಿಬಿಡಿ, ಆಮೇಲೆ ಸರಿ ಮಾಡೋಣ."

ಓದಿಬಿಟ್ಟೆ. ಇಷ್ಟು ವರ್ಷ ಮಾತಿನಲ್ಲೇ ಅನ್ನ ತಿಂದವಳಿಗೆ ಗೊತ್ತಿರಬೇಕಿತ್ತು, ಆಮೇಲೆ ಅನ್ನೋದು ಯಾವತ್ತೂ ಬರಲ್ಲ ಅಂತ.

ತಿಂಗಳಾದ ಮೇಲೆ ತಾರಾಲಯ ನಡೆಸೋ ಸಮಿತಿಯವರು ಷೋ ನೋಡೋಕೆ ಬಂದ್ರು. ಅದಕ್ಕೂ ಮುಂಚೆ ಡೈರೆಕ್ಟರು ನನ್ನ ಮುಂದೆ ಒಂದು ಕಾಗದ ಇಟ್ರು. ಇನ್ಮುಂದೆ ಎಲ್ಲಾ ಷೋಗೂ ರೆಕಾರ್ಡೇ. ಅದಕ್ಕೆ ನನ್ನ ಒಪ್ಪಿಗೆ ಬೇಕು. ಸಹಿ ಹಾಕಿದ್ರೆ ರಿಟೈರಾಗೋ ತನಕ ಅದೇ ಕುರ್ಚಿ, ಅದೇ ಮೈಕು. ಷೋ ಮುಗಿದ ಮೇಲೆ ಜನ ಕೇಳೋ ಪ್ರಶ್ನೆಗೆ ಉತ್ತರ ಹೇಳ್ಕೊಂಡಿರಬಹುದು. ಇಲ್ಲದಿದ್ರೆ ಮೈಕಿನ ಋಣ ಅಲ್ಲಿಗೇ ಮುಗೀತು. "ಮೊದಲು ಕೇಳಿ ನೋಡ್ತೀನಿ" ಅಂದೆ.

ದೀಪ ಆರಿತು. ಸಣ್ಣ ಚುಕ್ಕಿ ಮೇಲೆ ಬಾಣದ ಗುರುತು ಬಂತು, ಹಿಂದೆ ಪಿಟೀಲು ಶುರುವಾಯ್ತು, ನನ್ನದೇ ಗಂಟಲು ಆ ನಕ್ಷತ್ರ ಸತ್ತಿದೆ ಅಂತು. ಸಮಿತಿಯ ಹೆಂಗಸೊಬ್ಬರು ಅಳು ಬಂದು ಮೂಗೆಳೆದ್ರು. ಇದೇ ಸುಳ್ಳನ್ನ ದಿನಕ್ಕೆ ನಾಲ್ಕು ಸಲ, ನಾನು ಮಣ್ಣಿಗೆ ಹೋದ ಮೇಲೂ ನನ್ನ ಗಂಟಲೇ ಹೇಳ್ತಿರುತ್ತಲ್ಲ.

ಪ್ರೊಜೆಕ್ಟರ್ ನೋಡ್ಕೊಳ್ಳೋ ಬಲ್ಬಣ್ಣನಿಗೆ "ನಿಲ್ಸಪ್ಪಾ" ಅಂದೆ. ಅವನು, "ಅಕ್ಕಾ, ನನ್ನ ಕೆಲ್ಸಕ್ಕೆ ಕಲ್ಲು ಹಾಕ್ತೀಯಾ" ಅಂತ ಗೊಣಗಿದ. ಗೊಣಗ್ತಾನೇ ನಿಲ್ಲಿಸಿದ.

ಮೈಕ್ ಹಿಡ್ಕೊಂಡೆ. "ಕ್ಷಮಿಸಿ, ಈಗ ಕೇಳಿದ್ದು ಸುಳ್ಳು, ಹೇಳಿದವಳೂ ನಾನೇ. ಇದಕ್ಕೊಂದು ಹೆಸರು ಕೂಡ ಇಲ್ಲ, ಪಟ್ಟಿಯಲ್ಲೊಂದು ನಂಬರು ಅಷ್ಟೇ. ಆದ್ರೂ ಊರ ದೀಪದಿಂದ ದೂರ ಹೋದ್ರೆ ಬರಿಗಣ್ಣಿಗೇ ಕಾಣುತ್ತೆ. ಇದರ ಬೆಳಕು ಇಲ್ಲಿಗೆ ಬರೋಕೆ ಎಂಬತ್ತು ವರ್ಷ ಬೇಕು. ಅಂದ್ರೆ ನನ್ನಮ್ಮ ತೊಟ್ಟಿಲಲ್ಲಿದ್ದಾಗ ಹೊರಟಿದ್ದು. ನಕ್ಷತ್ರದ ಆಯಸ್ಸಿಗೆ ಎಂಬತ್ತು ವರ್ಷ ಒಂದು ಲೆಕ್ಕವೇ ಅಲ್ಲ. ಸೂರ್ಯನಿಗಿಂತ ಒಂಚೂರು ಬಿಸಿ, ಅದಕ್ಕೇ ಹಳದಿ ಬೆರೆತ ಬಿಳಿ ಬಣ್ಣ. ನಡುಮಧ್ಯದ ಹೈಡ್ರೋಜನ್ ಖಾಲಿಯಾಗಿದೆ, ಅದು ನಿಜ. ಒಲೆ ನಡುವಿನ ಕಟ್ಟಿಗೆ ಬೂದಿಯಾದ್ರೂ ಸುತ್ತಲಿನದು ಉರೀತಿರುತ್ತಲ್ಲ, ಇದೂ ಹಾಗೇ. ಉರೀತಾ ಉರೀತಾ ಊದಿಕೊಂಡು ಈಗ ಸೂರ್ಯನ ಎರಡರಷ್ಟು ಅಗಲ, ಏಳರಷ್ಟು ಬೆಳಕು. ಇಂಥದ್ದಕ್ಕೆ ಉಪದೈತ್ಯ ಅಂತಾರೆ. ದೈತ್ಯ ಆಗೋದು ಇನ್ನೂ ಮುಂದಿದೆ. ಬದುಕಿರೋದಕ್ಕೆ ಯಾಕ್ರೀ ಅಳ್ತೀರಾ?"

ಮೂಗೆಳೆದಿದ್ದ ಹೆಂಗಸು ನಕ್ಕುಬಿಟ್ರು. ದೀಪ ಹತ್ತಿತು.

"ಜನ ಕಣ್ಣೀರು ಹಾಕ್ಬೇಕು ಮೇಡಂ, ಆಗಲೇ ಮತ್ತೆ ಬರೋದು" ಅಂತ ಡೈರೆಕ್ಟರು ಪೆನ್ನು ಚಾಚಿದ್ರು.

"ಹಾಕ್ಲಿ, ನನ್ನ ಗಂಟಲಿಂದ ಬೇಡ" ಅಂದು ಕಾಗದ ವಾಪಸ್ ಕೊಟ್ಟೆ.

ಸೋಮವಾರ ನನ್ನನ್ನ ಬ್ಯಾಗ್ ಇಡೋ ಕೌಂಟರಿಗೆ ಹಾಕಿದ್ರು. ಗುಮ್ಮಟಕ್ಕೆ ಯಾರದೋ ಎಳೇ ದನಿಯ ರೆಕಾರ್ಡ್ ಬಂತು, ಅದೇ ಹಾಳೆ ಓದಿದ್ದು. ಟೋಕನ್ ಕೊಡ್ತಾ ಕೂತವಳಿಗೆ ಗೋಡೆಯಾಚೆ ಆ ದನಿ ಕೇಳೋದು. ಎರಡು ದಿನ ಊಟ ಸೇರಲಿಲ್ಲ. ವಾರದ ರಜೆ ಬಂದಾಗ ಎಲ್ಲರ ಹಾಗೆ ಟಿಕೆಟ್ ತಗೊಂಡು ಒಳಗೆ ಕೂತೆ. ಆ ಸಾಲು ಬಂದ ತಕ್ಷಣ ಕತ್ತಲಲ್ಲಿ, "ಸತ್ತಿಲ್ಲ ಕಣ್ರೀ, ಬದುಕಿದೆ" ಅಂದೆ. ಗುಮ್ಮಟದ ಗುಣ ಗೊತ್ತಲ್ಲ, ಮೆಲ್ಲಗೆ ಅಂದ್ರೂ ಆ ತುದಿಗೆ ಮುಟ್ಟುತ್ತೆ. ಮುಂದಿನ ವಾರನೂ ಹೋದೆ, ಅದರ ಮುಂದಿನ ವಾರನೂ ಹೋದೆ. ಟಿಕೆಟ್ ತಗೊಂಡವಳನ್ನ ಹೊರಗೆ ಹಾಕೋಕೆ ಅವರಿಗೂ ಕಾರಣ ಬೇಕಲ್ಲ. ಏನಂತ ಬರ್ಕೋತಾರೆ, ನಿಜ ಹೇಳಿದಳು ಅಂತಲಾ?

ಐದನೇ ವಾರಕ್ಕೆ ಆ ಸಾಲನ್ನ ಕತ್ತರಿಸಿ ಹಾಕಿದ್ರು. ಚಿತ್ರದ ಓಟ ತಪ್ಪಬಾರದು ಅಂತ ಅದರ ಜಾಗವನ್ನ ಖಾಲಿ ಬಿಟ್ಟಿದ್ದಾರೆ, ಹನ್ನೊಂದು ಸೆಕೆಂಡು. ರಜೆ ದಿನ ನಾನು ಹೇಳಬೇಕಾದ್ದನ್ನೆಲ್ಲಾ ಹೇಳೋಕೆ ಅಷ್ಟು ಸಾಕು.