ಐದನೆಯ ಕರೆ

ಇದನ್ನು ಮನಸ್ಸಿನೊಳಗೆ ಹೇಳಿಕೊಳ್ಳುವುದಕ್ಕೂ ನನಗೆ ಯೋಗ್ಯತೆ ಇಲ್ಲ, ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು — ಯಾರು ಹಾಕಿಕೊಳ್ಳಬೇಕು, ಕೇಳುವವರೇ ಇಲ್ಲ, ಎದುರಿಗೆ ಕೂತವರಿಗೆ ನನ್ನ ಬಾಯಿ ಮುಚ್ಚಿರುವುದಷ್ಟೇ ಕಾಣುತ್ತಿದೆ — ಪರದೆ ಹೊತ್ತಿಕೊಂಡಿತು, ಮೊದಲು ನೀಲಿ, ಆಮೇಲೆ ಬಿಳಿ, ಹೊಸ ಪರದೆ ಸರಿಯಾಗಿ ಕೂತಿದೆ, ಇಷ್ಟು ಸಣ್ಣ ಕೀಲಿಮಣೆ ಫೋನು, ಕೈಯೊಳಗೆ ಬೆಚ್ಚಗಿದೆ. ಬಂತೇನು ತಮ್ಮಾ, ಎಂದು ಬಸವಣ್ಣೆಮ್ಮ ನನ್ನ ರಿಪೇರಿ ಅಂಗಡಿಯ ಸ್ಟೂಲಿನಿಂದ ಅರ್ಧ ಎದ್ದಳು. ಬರಾಕತ್ತೈತಿ ಯಕ್ಕ, ಕುಂದ್ರು, ಅಂದೆ. ಸುಳ್ಳು, ಬಂದುಬಿಟ್ಟಿದೆ. ಹೊರಗೆ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಲಿಂಗಸುಗೂರು ಲಿಂಗಸುಗೂರು ಎಂದು ಕೂಗುತ್ತಿದ್ದಾನೆ, ಆ ಹೆಸರು ಕೇಳಿದಾಗಲೆಲ್ಲ ಅವಳ ಕತ್ತು ಆ ಕಡೆ ತಿರುಗುತ್ತದೆ, ಯಾಕೆಂದರೆ ಅಲ್ಲಿಯ ಆಸ್ಪತ್ರೆಯಲ್ಲಿ ಅವಳ ಗಂಡ ಗದ್ದೆಪ್ಪ ಒಂಬತ್ತು ದಿನದಿಂದ ಮಲಗಿದ್ದಾನೆ, ಲಕ್ವಾ ಹೊಡೆದು ಬಲಗೈ ಬಲಗಾಲು ಹೋಗಿವೆ, ಮಾತಿಲ್ಲ. ಒಂದು ತಾಸು ಮೊದಲು ತಂದಿದ್ದರೆ ಕೈಯಾದರೂ ಉಳಿಯುತ್ತಿತ್ತೇನೋ ಎಂದರಂತೆ ಡಾಕ್ಟರು. ಆ ಒಂದು ತಾಸು ಅವಳು ಅಂಗಳದಲ್ಲಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು, ತುರ್ತು ನಂಬರಿಗೆ ಫೋನ್ ಹಚ್ಚೀನಿ, ಗಾಡಿ ಬರತದ, ಎಂದು ರಸ್ತೆ ನೋಡುತ್ತ ಕೂತಳು. ಗಾಡಿ ಬರಲಿಲ್ಲ. ಕೊನೆಗೆ ಯಾರದೋ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದರು, ಎತ್ತುವ ಗಡಿಬಿಡಿಯಲ್ಲಿ ಫೋನು ಕಲ್ಲಿನ ಮೇಲೆ ಬಿದ್ದು ಪರದೆ ಕಪ್ಪಾಯಿತು, ಈಗ ಅವಳ ಮೈದುನ ಅಮರಗುಂಡಪ್ಪ ಬಾಗಿಲಿಗೆ ಆತುಕೊಂಡು ಬೈಕಿನ ಚಾವಿ ತಿರುಗಿಸುತ್ತ ಹೇಳುತ್ತಾನೆ, ಹಚ್ಚಿದ್ದರ ಬರತಿದ್ದಿಲ್ಲೇನು ವೈನಿ, ನಿನಗ ಕೈಕಾಲು ಆಡಿಲ್ಲ, ಹಚ್ಚಿಲ್ಲ, ಅದನ್ನ ಒಪ್ಪಿಕೋ ಸಾಕು. ಊರಿಗೆಲ್ಲ ಹಾಗೇ ಹೇಳಿದ್ದಾನೆ. ಅದಕ್ಕೇ ಬಂದಿದ್ದಾಳೆ. ಅದರಾಗ ನಾ ಹಚ್ಚಿದ್ದು ಇರತದಲಾ ತಮ್ಮಾ, ತೆಗದು ಇವನ ಮಾರಿಗೆ ಹಿಡಿ.

ಇದೆ ಯಕ್ಕ, ನೀನು ಹಚ್ಚಿದ್ದು ಇದೆ. ಮಾಡಿದ ಕರೆಗಳ ಪಟ್ಟಿ ತೆರೆದಿದ್ದೇನೆ, ಒಂಬತ್ತು ದಿನದ ಹಿಂದಿನ ತಾರೀಖು, ಸಂತೆಯ ದಿನ, ಸಂಜೆ ನಾಲ್ಕು ಗಂಟೆ ಐದು ನಿಮಿಷ, ತುರ್ತು ನಂಬರು, ಎಂಟು ಸೆಕೆಂಡು. ಅದರ ಕೆಳಗೆ ಅದೇ ನಂಬರು, ಅದೇ ತಾರೀಖು, ಮುಂಜಾನೆ ಹನ್ನೊಂದರ ಸುಮಾರಿಗೆ, ಒಂದು, ಎರಡು, ಮೂರು, ನಾಲ್ಕು. ಆ ನಾಲ್ಕು ಅವಳವಲ್ಲ. ಆ ಹೊತ್ತಿಗೆ ಫೋನು ನನ್ನ ಹತ್ತಿರ ಇತ್ತು, ಮೈಕು ಹೋಗಿದೆ ಎಂದು ಕೊಟ್ಟಿದ್ದಳು, ನಾನು ಬದಲಿಸಿ ಬೆಸುಗೆ ಹಾಕಿ, ರೀಚಾರ್ಜ್ ಮುಗಿದಿದ್ದರಿಂದ ತುರ್ತು ನಂಬರಿಗೆ ಹಚ್ಚಿ ನೋಡಿದೆ — ಎಲ್ಲರೂ ಹಾಗೇ ಮಾಡುತ್ತಾರೆ, ಎಲ್ಲರೂ ಅಂದರೆ ತಪ್ಪು ಸರಿಯಾಗುತ್ತದೆಯೇ — ಸಿಂಧನೂರಿನಲ್ಲಿ ಸಂಜೆಯ ಮೊಬೈಲ್ ರಿಪೇರಿ ಕ್ಲಾಸಿಗೆ ಹೋಗುತ್ತಿದ್ದಾಗ ಇಸ್ಮಾಯಿಲ್‌ಸಾಬ್ ಕಲಿಸಿದ್ದೇ ಹಾಗೆ, ಬ್ಯಾಲೆನ್ಸ್ ಇಲ್ಲದ ಫೋನಿಗೆ ತುರ್ತು ನಂಬರ್ ಹಚ್ಚಬೇಕು ನೋಡು, ಪುಕ್ಕಟೆ ಹೋಗತದ, ಹಗಲೂ ರಾತ್ರಿ ಎತ್ತತಾರ, ಹೆಂಡ್ತಿನೂ ಅಷ್ಟು ಲಗೂನ ಎತ್ತಂಗಿಲ್ಲ. ನಾವು ಹನ್ನೊಂದು ಜನ ನಕ್ಕಿದ್ದೆವು. ನಾನು ನಗುತ್ತಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಮೈಕ್ ಪರೀಕ್ಷೆ ಎಂದು ಬರೆದು ಕೆಳಗೆ ಗೆರೆ ಎಳೆದೆ. ನಾಲ್ಕು ವರ್ಷದಿಂದ ದಿನಕ್ಕೆ ಎಷ್ಟು ಫೋನು. ಆ ಕಡೆಯ ಹೆಣ್ಣುಮಗಳು ಹೇಳ್ರಿ ಅನ್ನುತ್ತಾಳೆ, ನಾನು ಹಲೋ ಹಲೋ ಕೇಳಸಾಕತ್ತೈತೇನ್ರಿ ಅನ್ನುತ್ತೇನೆ, ಕೇಳಸಾಕತ್ತೈತಿ ಹೇಳ್ರಿ ಏನಾಗೈತಿ ಅಂದಕೂಡಲೇ ಕತ್ತರಿಸುತ್ತೇನೆ. ಮೈಕು ಪಾಸು. ಇವಳ ಫೋನು ಗರಗರ ಅನ್ನುತ್ತಿತ್ತು, ಕೆಲಸ ನೆಟ್ಟಗಿರಬೇಕು ಎಂಬ ಹಟ ನನಗೆ, ಅದಕ್ಕೇ ನಾಲ್ಕು ಸಲ, ನಾಲ್ಕನೆಯ ಸಲ ಆಕೆ ಬೈಯಲಿಲ್ಲ, ದಣಿದ ದನಿಯಲ್ಲಿ ಅಂದಳು, ಅಣ್ಣಾರ, ಇದೇ ನಂಬರಿಂದ ನಾಕನೇ ಸಲ, ಇದು ಚೆಕ್ ಮಾಡೋ ಫೋನ್ ಅಲ್ರಿ. ಆಯ್ತ್ರಿ ಮೇಡಂ, ಅಂದೆ. ಮಧ್ಯಾಹ್ನ ಅವಳು ಬಂದು ಫೋನು ತೆಗೆದುಕೊಂಡು ಹೋದಳು, ನಾನು ಮರೆತೆ. ಹಾಗಾದರೆ ಐದನೆಯ ಸಲ ಅದೇ ನಂಬರಿನಿಂದ ಕರೆ ಹೋದಾಗ ಆ ಕಡೆ ಯಾರು ಎತ್ತಿದರು, ಏನೆಂದುಕೊಂಡರು, ಮತ್ತೆ ಇವನೇ ಎಂದುಕೊಂಡರೋ — ಇಲ್ಲ, ಹಾಗೆ ಮಾಡುವವರಲ್ಲ ಅವರು, ಬೇರೆ ಯಾರೋ ಎತ್ತಿರಬಹುದು, ನನ್ನ ಬೆಸುಗೆಯೇ ಬಿಟ್ಟು ಇವಳ ದನಿ ಹೋಗಲೇ ಇಲ್ಲವೋ, ಗಾಬರಿಯಲ್ಲಿ ಇವಳ ಬೆರಳೇ ಕೆಂಪು ಗುಂಡಿ ಒತ್ತಿತೋ. ಪರದೆ ಹಾಕಲು ಫೋನನ್ನು ಪೂರ್ತಿ ಬಿಚ್ಚಿದ್ದೇನೆ, ಮೈಕಿನ ತಂತಿ ಕೈಗೆ ಬಂತು, ಅದು ಆವತ್ತೇ ಬಿಟ್ಟಿತ್ತೋ ಈಗ ನನ್ನ ಚಿಮಟಕ್ಕೆ ಬಿಟ್ಟಿತೋ, ನೋಡಿ ಬಿಚ್ಚಬೇಕಿತ್ತು, ನೋಡದೆ ಬಿಚ್ಚಿದೆ, ಇನ್ನು ಯಾವ ಪರೀಕ್ಷೆಯೂ ಅದನ್ನು ಹೇಳುವುದಿಲ್ಲ.

ಏನ್ ಮಾಸ್ತರ, ಬಾವಿ ತೋಡಾಕತ್ತಿಯೇನು ಅದರೊಳಗ, ನೀರು ಬಿತ್ತೋ ಇಲ್ಲೋ — ಅಮರಗುಂಡಪ್ಪ. ಬಂತ್ರಿ ಬಂತು. ಹೆಬ್ಬೆರಳು ಗುಂಡಿಯ ಮೇಲಿದೆ. ಅಳಿಸು ಎಂಬ ಮಾತು ಪರದೆಯ ಮೂಲೆಯಲ್ಲಿದೆ, ನಾಲ್ಕು ಸಲ ಒತ್ತಿದರೆ ಅವಳದೊಂದೇ ಉಳಿಯುತ್ತದೆ, ಅವಳ ಮಾತು ನಿಜವಾಗುತ್ತದೆ, ಮೈದುನನ ಬಾಯಿ ಮುಚ್ಚುತ್ತದೆ, ಯಾರಿಗೂ ನಷ್ಟವಿಲ್ಲ, ಒಳ್ಳೆಯ ಕೆಲಸವೇ ಅಲ್ಲವೇ, ಯಾರಿಗೆ ಒಳ್ಳೆಯದು, ಯಾರಿಗೆ — ಒತ್ತಿದೆ, ಅಳಿಸಬೇಕೇ ಎಂದು ಫೋನು ಕೇಳಿತು, ಇಲ್ಲ ಎಂದು ಒತ್ತಿದೆ, ಮತ್ತೆ ಒತ್ತಿದೆ, ಮತ್ತೆ ಕೇಳಿತು, ಅಷ್ಟರಲ್ಲಿ ಒಂದು ಕೈ ಬಂದು ಫೋನು ಕಿತ್ತುಕೊಂಡಿತು. ಕೊಡಿಲ್ಲಿ, ಏನ್ ನೋಡತೀ ಇಷ್ಟೊತ್ತು. ಅಮರಗುಂಡಪ್ಪ ಕಣ್ಣು ಸಣ್ಣ ಮಾಡಿ ಓದಿದ, ಸಂಜಿ ನಾಕು ಗಂಟೆ ಐದು, ಹಚ್ಚ್ಯಾಳ. ಹಚ್ಚ್ಯಾಳ ಅಂದ, ದನಿ ಇಳಿದಿತ್ತು. ಬಸವಣ್ಣೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವನ ಬೆರಳು ಕೆಳಗಿಳಿಯಿತು. ಇವು ಯಾವು. ಮುಂಜಾನೆ ನಾಕು ಸಲ ಹಚ್ಚಿದ್ದಿ ವೈನಿ, ಅಣ್ಣ ಬಿದ್ದದ್ದು ಸಂಜಿಗಿ, ಮುಂಜಾನೆ ಯಾಕ ಹಚ್ಚಿದ್ದಿ, ಆಟ ಆಡಿದಿಯೇನು, ಅದಕ್ಕ ಬರಲಿಲ್ಲ ಅವರು. ಅವಳು ನನ್ನನ್ನು ನೋಡಿದಳು, ಫೋನು ತಿಳಿದವನು ನೀನು, ಹೇಳಪ್ಪ ಎನ್ನುವಂತೆ, ನನ್ನ ಮೇಲೆ ಅವಳಿಗೆ ಅನುಮಾನವೇ ಇಲ್ಲ, ಅದನ್ನೇ ತಡೆಯಲಾಗಲಿಲ್ಲ. ಆ ನಾಕೂ ನನ್ನವು ರೀ, ಅಂದೆ. ಮೈಕ್ ಚೆಕ್ ಮಾಡಾಕ ನಾ ಹಚ್ಚಿದ್ದೆ. ಯಕ್ಕಂದು ಒಂದೇ. ಚಾವಿ ತಿರುಗುವುದು ನಿಂತಿತು. ಅವನು ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದುಕೊಂಡೆ, ಅವನು ಹೊಡೆಯಲಿಲ್ಲ, ಅಂಗಡಿಯಲ್ಲಿ ನೇತುಹಾಕಿದ ಕವರುಗಳನ್ನೆಲ್ಲ ಒಂದೊಂದಾಗಿ ನೋಡಿದ. ಅವಳು ಅವನ ಕೈಯಿಂದ ಫೋನು ತೆಗೆದುಕೊಂಡು ಸ್ಟೂಲನ್ನು ಹತ್ತಿರ ಎಳೆದುಕೊಂಡಳು. ಇರಲಿ ಬಿಡು, ನನಗೊಂದು ಹೇಳು ತಮ್ಮಾ. ಆವತ್ತು ಫೋನಿನ್ಯಾಗ ನಾ ಅಂದೆ, ಯಪ್ಪಾ ನಮ್ಮನಿಯವರು ಬಿದ್ದಾರ, ಬಾಯಿ ಸೊಟ್ಟ ಆಗೈತಿ, ಗಾಡಿ ಕಳಸ್ರಿ. ಊರ ಹೆಸರೂ ಹೇಳಿದೆ. ಆ ಕಡಿಂದ ಮಾತಿಲ್ಲ, ಕೇಳಾಕತ್ತಾರ ಅಂದುಕೊಂಡೆ. ಅವರಿಗೆ ಕೇಳಿಸಿತ್ತೋ ಇಲ್ಲೋ, ಎಂದು ಕೇಳಿದಳು. ನಾನು ಅವಳ ಮಾತನ್ನು ಮನಸ್ಸಿನಲ್ಲೇ ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳಿಗೆ ಹಿಡಿದು ಹೇಳಿಕೊಂಡೆ, ಬಿದ್ದಾರ, ಸೊಟ್ಟ ಆಗೈತಿ, ಕಳಸ್ರಿ, ಎಂಟು ಸೆಕೆಂಡಿನಲ್ಲಿ ಊರ ಹೆಸರು ಒಳಗೆ ಬೀಳುತ್ತದೋ ಹೊರಗೆ ಉಳಿಯುತ್ತದೋ, ಇನ್ನೊಮ್ಮೆ ಹೇಳಿಕೊಂಡೆ, ಒಮ್ಮೆ ಒಳಗೆ ಬಿತ್ತು, ಒಮ್ಮೆ ಹೊರಗೆ ಉಳಿಯಿತು. ಗೊತ್ತಿಲ್ಲ ಯಕ್ಕ, ಅಂದೆ. ನನಗ ಗೊತ್ತಿಲ್ಲ. ಅವಳು ಇನ್ನೂ ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ, ಅವಳ ಅಂಗೈಯೊಳಗೆ ಪರದೆ ಬೆಳಗುತ್ತಿದೆ, ನಾಲ್ಕು ಗಂಟೆ ಐದು ನಿಮಿಷ, ಎಂಟು ಸೆಕೆಂಡು, ಎಂಟು.